ಹೊರಗೆ ಹಾಕಿದವನು

‘ನಿಮ್ಮನ್ನು ತರಗತಿಯಿಂದ ಹೊರಗೆ ಹಾಕಲಾಗಿದೆ.’

ಮೊಬೈಲಿನಲ್ಲಿ ಆ ಸಾಲು ಕಂಡು ಅವಳ ಮೈಯೆಲ್ಲ ಉರಿದುಹೋಯಿತು. ರೋಗದ ಭಯಕ್ಕೆ ಕಾಲೇಜಿನ ತರಗತಿಗಳಿಗೆ ಬೀಗ ಬಿದ್ದಾಗಿನಿಂದ, ಆನ್‌ಲೈನ್ ಕ್ಲಾಸಿಗೆ ಸೇರಿಸುವುದು, ತೆಗೆಯುವುದು ಎಲ್ಲ ಕ್ಲಾಸ್ ಲೀಡರನ ಕೈಯಲ್ಲಿತ್ತು. ಒಮ್ಮೆಯೂ ಎದುರು ಕಂಡವನಲ್ಲ. ಕೂಡಲೇ ಫೋನ್ ಮಾಡಿದಳು.

"ನಾನೇನ್ ತಪ್ಪು ಮಾಡ್ದೆ ಅಂತ ಹೊರಗೆ ಹಾಕ್ದೆ?"

"ಅದು... ಕೈತಪ್ಪಿ ಆಯ್ತು."

"ಅಷ್ಟು ಜನರಲ್ಲಿ ನಿನ್ನ ಕೈಗೆ ನಾನೇ ಸಿಕ್ಕಿದ್ನಾ?"

ಅವಳು ಫೋನ್ ಕುಕ್ಕಿದಳು.

ಕುಕ್ಕಿದ್ದು ಅಪ್ಪನ ಹೊಲಿಗೆ ಮಷಿನ್ ಮೇಲೆ. ದರ್ಜಿ ಅಪ್ಪ ಹೋದ ತಿಂಗಳು ನಡೆದುಕೊಂಡೇ ಆಸ್ಪತ್ರೆಗೆ ಹೋದವರು ಮರಳಲಿಲ್ಲ. ಕೊನೆಗೆ ಮುಖ ನೋಡಲೂ ಬಿಡಲಿಲ್ಲ! ಅರ್ಧ ಹೊಲಿದ ಅಂಗಿಯ ತೋಳು ಇನ್ನೂ ಸೂಜಿಯಡಿಯಲ್ಲೇ ಇತ್ತು. ಅದನ್ನು ಎದುರಿಗಿಟ್ಟುಕೊಂಡು ಸಂಖ್ಯಾಶಾಸ್ತ್ರ ಕೇಳು ಎಂದರೆ ಹೇಗೆ ಕೇಳುವುದು?

ಸಾಕು... ಯಾರಿಗಾಗಿ ಓದಲಿ?

ಮರುದಿನದಿಂದ ಅವಳು ಕ್ಲಾಸಿಗೆ ಸೇರಲಿಲ್ಲ. ಅವನ ಕರೆಗಳನ್ನೂ ಎತ್ತಲಿಲ್ಲ. "ಒಂದ್ಸಲ ಕೂತ್ಕೋ ಮಗಳೇ" ಎಂದು ಅಮ್ಮ ಅಂಗಲಾಚಿದರೂ ಗೋಡೆಗೆ ಮುಖ ಮಾಡಿ ಮಲಗಿದಳು.

ಕೊನೆಗೊಂದು ದಿನ ಓದು ಬಿಟ್ಟೇಬಿಡುವುದೆಂದು ಟಿ.ಸಿ. ತರಲು ಕಾಲೇಜಿನ ಆಫೀಸಿಗೆ ಹೋದಳು. ಮುಚ್ಚಿದ ಕೌಂಟರಿನ ಮುಂದೆ ಮಾಸ್ಕ್ ಹಾಕಿದ ಹುಡುಗನೊಬ್ಬ ನಿಂತಿದ್ದ.

"ಟಿ.ಸಿ. ತಗೋಬೇಡ. ನಿಮ್ಮಮ್ಮ ಫೋನ್ ಎತ್ತಿ ಎಲ್ಲಾ ಹೇಳಿದ್ರು."

ಧ್ವನಿ ಕೇಳಿದ್ದೇ ತಡ, ಯಾರೆಂದು ಗೊತ್ತಾಯಿತು.

"ಇಲ್ಲಿಂದ್ಲೂ ಹೊರಗೆ ಹಾಕೋಕೆ ಬಂದ್ಯಾ?"

"ಅವತ್ತು ನಿನ್ನ ಮೈಕ್ ಆನ್ ಇತ್ತು. 'ಅಪ್ಪಾ, ನನ್ನೂ ಕರ್ಕೊಂಡು ಹೋಗು' ಅಂತ ಅಳ್ತಿದ್ದೆ..."

ಅಯ್ಯೋ, ಎಲ್ಲರೂ ಕೇಳಿಸಿಕೊಂಡರಾ!

"ಮ್ಯೂಟ್ ಮಾಡ್ಬಹುದಿತ್ತಲ್ಲ!"

"ಗಾಬರೀಲಿ ಹೊಳೀಲೇ ಇಲ್ಲ. ನಿಜ ಹೇಳಿದ್ರೆ ನೀನು ನಾಚ್ಕೊಂಡು ಕ್ಲಾಸಿಗೇ ಬರಲ್ಲ ಅಂದ್ಕೊಂಡೆ."

"ಹೇಳ್ದೇ ಇದ್ದಿದ್ದಕ್ಕೂ ಬರ್ಲಿಲ್ಲ."

ಅವನು ತಲೆ ತಗ್ಗಿಸಿದ. "ನಂಗೂ ಓದೋ ಮನಸ್ಸು ಸತ್ತೇ ಹೋಗಿದೆ. ಹಾಜರಿ ಕೂಗಿದಾಗ ನಿನ್ನ ಧ್ವನಿ ಕೇಳ್ಬಹುದಲ್ಲ ಅಂತ ದಿನಾ ಕೂತ್ಕೋತಿದ್ದೆ. ನೀನಂದ್ರೆ ನಂಗೆ ಅಷ್ಟು ಇಷ್ಟ..."

ಅವಳಿಗೆ ಅಳು ಒತ್ತರಿಸಿ ಬಂತು. ಅಪ್ಪ ಇನ್ನು ಬರುವುದಿಲ್ಲ, ಆ ತೋಳನ್ನು ಹೊಲಿದು ಮುಗಿಸುವವರಿಲ್ಲ. ಆದರೂ ಕೌಂಟರ್ ತೆರೆದಾಗ ಅವಳು ಮುಂದೆ ಹೋಗಲಿಲ್ಲ.

"ನಾಳೆ ಕ್ಲಾಸಲ್ಲಿ ಅಳು ಬಂದ್ರೆ... ಮತ್ತೆ ಹೊರಗೆ ಹಾಕ್ತೀಯಾ?"

"ಹೂಂ, ಹಾಕ್ತೀನಿ." ಅವನ ಕಣ್ಣೂ ತುಂಬಿತ್ತು. "ಆಮೇಲೆ ನಾನೂ ಹೊರಗೆ ಬರ್ತೀನಿ."