ಕಾಗೆ ಮುಟ್ಟದ ಎಡೆ

ಲಕ್ಕಮ್ಮ ತೀರಿಕೊಂಡ ಸುದ್ದಿ ಬಂದಾಗ ಅವಳ ಮಗ ಚೆಲುವರಾಜು ಕೆರೆಯ ನಡುವೆ ದೋಣಿಯಲ್ಲಿದ್ದ. ದೋಣಿಯ ಹಿಂಬದಿಯ ಕೊಳವೆಯಿಂದ ಹಾಲಿನಂಥ ದ್ರವ ಸುರಿದು, ನೀರಿಗೆ ಬಿದ್ದೊಡನೆ ಕಾಣದಂತಾಗುತ್ತಿತ್ತು. ಅದು ೨೦೫೯ರ ಮಾಘಮಾಸ. ಹೆಂಡತಿ ರತ್ನಮಾಲ ಫೋನಿನಲ್ಲಿ, "ಅತ್ತೆ ಎದ್ದೇಳ್ತಿಲ್ಲ, ಬನ್ನಿ," ಎಂದಷ್ಟೇ ಹೇಳಿದಳು.

ಆ ದ್ರವ ಅವನೇ ಕಂಡುಹಿಡಿದದ್ದು. ಗಿಡಗಳ ಮೇಣದಿಂದ ತಯಾರಾದ ಅದು ನೀರಿನ ಮೇಲೆ ಒಂದೇ ಅಣುವಿನಷ್ಟು ದಪ್ಪದ ಪದರವಾಗಿ ಹರಡಿಕೊಳ್ಳುತ್ತಿತ್ತು. ಬಿಸಿಲು ಎಷ್ಟೇ ಕಾದರೂ ಆ ಪದರ ನೀರನ್ನು ಆವಿಯಾಗಲು ಬಿಡದು. ಹರಿದರೆ ತಾನೇ ಕೂಡಿಕೊಳ್ಳುವುದು. ಜನ ಅದನ್ನು ಕೆರೆಹೊದಿಕೆ ಎಂದರು. ಕೆಲವೇ ವರ್ಷಗಳಲ್ಲಿ ಸುತ್ತಲ ಕೆರೆಕಟ್ಟೆಗಳಿಗೆಲ್ಲ ಹೊದಿಕೆ ಬಂತು. ಬೇಸಿಗೆಯಲ್ಲೂ ನಲ್ಲಿಗಳು ಒಣಗಲಿಲ್ಲ. ಪದರದ ಕೆಳಗೆ ಉಸಿರಾಡಲಾರದೆ ಸೊಳ್ಳೆಮರಿಗಳೂ ಸತ್ತವು. ಊರು ಅವನಿಗೆ ಹಾರ ಹಾಕಿತು.

ಮೂರನೆಯ ದಿನ ಹಾಲುತುಪ್ಪದ ಕಾರ್ಯ. ಮಣ್ಣು ಮಾಡಿದ ಜಾಗದಲ್ಲಿ ಬಾಳೆಎಲೆ ಹಾಸಿ, ಮುದ್ದೆ, ಅವರೆಕಾಳು ಸಾರು, ವಡೆ ಎಡೆಯಿಟ್ಟು ಎಲ್ಲರೂ ದೂರ ಸರಿದು ನಿಂತರು. ಕಾಗೆ ಬಂದು ಮುಟ್ಟಿದರೆ ಹೋದ ಜೀವಕ್ಕೆ ತೃಪ್ತಿಯಾಯಿತೆಂದು ನಂಬಿಕೆ.

ಕಾಗೆ ಬರಲಿಲ್ಲ.

"ಲಕ್ಕಮ್ಮ ಯಾವತ್ತು ಒಂದ್ಸಲ ಕರೆದ್ರೆ ಉಣ್ಣಕ್ಕೆ ಬಂದವಳೆ? ತಡೀರಿ," ಎಂದ ದೊಡ್ಡಪ್ಪ ಮುದ್ದಯ್ಯ. ಕೆಲವರು ನಕ್ಕರು. ಎಲೆಅಡಿಕೆ ಇಟ್ಟರು. ಅವಳಿಗೆ ಇಷ್ಟವೆಂದು ಕಾಫಿ ತರಿಸಿದರು. ಬಿಸಿಲೇರಿ ಎಲೆ ಬಾಡಿತು. ನಗು ನಿಂತು ಪಿಸುಮಾತು ಹುಟ್ಟಿತು. ಒಬ್ಬೊಬ್ಬರ ಕಣ್ಣೂ ಸೊಸೆ ರತ್ನಮಾಲಳ ಕಡೆ ತಿರುಗಿತು.

ಚೆಲುವರಾಜುವಿನ ಅಕ್ಕ ಜಯಶೀಲ ಮುಂದೆ ಬಂದು ಮುಷ್ಟಿ ಬಿಚ್ಚಿದಳು. ಒಳಗೆ ತಾಯಿಯ ಕಿವಿಯ ಯಂತ್ರವಿತ್ತು.

"ಇದು ನಿನ್ನ ಅಡುಗೆಮನೆ ಡಬ್ಬೀಲಿ ಸಿಕ್ತು. ಕಿವುಡಿ ಮಾಡಿ ಮೂಲೇಲಿ ಕೂರ್ಸಿದ್ದಾ ನಮ್ಮವ್ವನ್ನ? ಆ ಸಂಕಟಕ್ಕೇ ಕಾಗೆ ಮುಟ್ತಿಲ್ಲ. ಹನ್ನೊಂದನೇ ದಿನದ ಅಡುಗೆಗೆ ನೀನು ಕೈ ಹಾಕಕೂಡ್ದು."

ಚೆಲುವರಾಜುವಿನ ಮನಸ್ಸಿನಲ್ಲೂ ಅನುಮಾನ ಸುಳಿಯಿತು. ಅವ್ವನ ಕಿವಿ ಮಂದವಾಯಿತೆಂದು ಯಂತ್ರ ತಂದುಕೊಟ್ಟವನು ಅವನೇ. "ಯಾಕೆ ತೆಗೆದಿಟ್ಟೆ?" ಎಂದು ಎಲ್ಲರೆದುರೇ ಕೇಳಿದ.

ರತ್ನಮಾಲ ಅಳಲಿಲ್ಲ. "ಅವರೇ ಬಿಚ್ಚಿಕೊಟ್ರು. 'ಪಾತ್ರೆ ಸದ್ದು ಕೇಳ್ತದೆ, ನಿನ್ನ ಬಳೆ ಸದ್ದು ಕೇಳ್ತದೆ. ಬೆಳಗಿನ ಸದ್ದೊಂದು ಕೇಳಕಿಲ್ಲ ಕಣವ್ವ. ನನ್ನ ಕಿವಿ ಹೋಗಿಲ್ಲ' ಅಂದ್ರು. ನಿಮಗೂ ಹೇಳಿದ್ರು. ನೀವು ವಯಸ್ಸಾಯ್ತು ಅಂದ್ರಿ. ಅತ್ತಿಗೆ, ಬೈಯೋದು ಆಮೇಲೆ ಬೈಯಿರಿ. ನೀವು ಬಂದಾಗಿಂದ ಈ ಊರಲ್ಲಿ ಕಾಗೆ ಕೂಗಿದ್ದು ಕೇಳಿದ್ರಾ?"

ಎಲ್ಲರೂ ಮರಗಳ ಕಡೆ ಕತ್ತೆತ್ತಿದರು.

ಚೆಲುವರಾಜು ಪಕ್ಕದ ಕೆರೆಯ ದಂಡೆಗೆ ಇಳಿದ. ಜೊಂಡಿನ ಬುಡದಲ್ಲಿ ಕಪ್ಪು ಗರಿಗಳು ಚದುರಿದ್ದವು. ಹಕ್ಕಿಯ ಗರಿಗೆ ಎಣ್ಣೆಯ ಲೇಪವಿರುತ್ತದೆ. ನೀರು ಅದಕ್ಕೆ ಅಂಟದೆ ಜಾರುತ್ತದೆ. ಅವನು ಒಣಗಿದ ಗರಿಯೊಂದನ್ನು ನೀರಿಗೆ ಬಿಟ್ಟ. ಅದು ಬಟ್ಟೆಯ ಚೂರಿನಂತೆ ತೊಯ್ದು ಮುಳುಗಿತು. ಹೊದಿಕೆ ಗರಿಯ ಎಣ್ಣೆಯನ್ನು ಕಳಚಿಬಿಟ್ಟಿತ್ತು. ಮೀನು, ದನ, ಮನುಷ್ಯ, ಹೀಗೆ ನೀರು ಕುಡಿಯುವವರ ಮೇಲೆಲ್ಲ ಅವನು ಪರೀಕ್ಷೆ ನಡೆಸಿದ್ದ. ಮೀಯುವವರ ನೆನಪು ಅವನಿಗೆ ಬಂದಿರಲಿಲ್ಲ. ಮಿಂದ ಕಾಗೆಗಳು ಹಾರಲಾರದೆ, ಚಳಿಯಲ್ಲಿ ಇಲ್ಲೇ ಸತ್ತಿದ್ದವು.

ಹಿಂದಿರುಗಿ ಬಂದು, "ರತ್ನಂದು ತಪ್ಪಿಲ್ಲ ಅಕ್ಕ. ಅವ್ವನ ಕಿವಿ ಚೆನ್ನಾಗೇ ಇತ್ತು. ಕಾಗೆಗಳನ್ನ ಕೊಂದಿದ್ದು ನನ್ನ ಹೊದಿಕೆ. ತೆಗೆಸ್ತೀನಿ," ಎಂದ.

"ಬೇಸಿಗೆಗೆ ನೀರು?" ಎಂದ ಮುದ್ದಯ್ಯ.

"ಅರ್ಧ ಆವಿಯಾಗಿ ಹೋಗ್ತದೆ, ದೊಡ್ಡಪ್ಪ."

"ಕಾಗೆಗೋಸ್ಕರ ನಾವು ಬಿಂದಿಗೆ ಹೊತ್ಕೊಂಡು ಅಲೀಬೇಕಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ಈವರೆಗೆ ರತ್ನಮಾಲಳ ಮೇಲಿದ್ದ ಕಣ್ಣುಗಳು ಈಗ ಅವನ ಮೇಲೆ ನೆಟ್ಟವು. ಬಳಿಕ ಒಬ್ಬೊಬ್ಬರೇ ಹೊರಟರು.

ಜಯಶೀಲ ರತ್ನಮಾಲಳ ಕೈಯನ್ನೊಮ್ಮೆ ಹಿಡಿದಳು. ಯಂತ್ರವನ್ನು ತಮ್ಮನ ಅಂಗೈಗೆ ಹಾಕಿದಳು. "ತಗೋ. ಇದು ಬೇಕಾಗಿದ್ದಿದ್ದು ನಿಂಗೆ."

ಅವನು ಅದನ್ನು ಕಿವಿಗಿಟ್ಟುಕೊಂಡ. ಒಣಗಿದ ಎಲೆ ಗಾಳಿಗೆ ಸರಿದಾಡುವುದು ಕೇಳಿಸಿತು. ಬೇರೇನೂ ಇಲ್ಲ. ಈ ಕತೆ ಓದುತ್ತಿರುವ ನಮ್ಮ ಅಂಗಳಗಳಲ್ಲಿ ಇಂದು ಬೆಳಗ್ಗೆಯೂ ಕಾಗೆ ಕೂಗಿರಬೇಕು. ನಾವು ನಲ್ಲಿ ತಿರುಗಿಸುವ ಗಡಿಬಿಡಿಯಲ್ಲಿ ಕೇಳಿಸಿಕೊಂಡಿರಲಾರೆವು.

ಅವನು ಎಡೆಯ ಮುಂದೆ ಮೊಣಕಾಲೂರಿ ಕೈ ಮುಗಿದ.

"ಭಗವಂತಾ, ನನ್ನನ್ನ ಆಮೇಲೆ ವಿಚಾರಿಸ್ಕೋ. ಬೆಳಗಿನ ಸದ್ದು ಕೇಳೋ ಕಡೆ ನಮ್ಮವ್ವಂಗೆ ಜಾಗ ಕೊಡಪ್ಪ. ಅವಳ ಜೀವಕ್ಕೆ ಶಾಂತಿ ಕೊಡಪ್ಪ."