ಗುರುವಾರ ಸಂಜೆ ಆರಿಹೋಗುತ್ತಿದ್ದ ಕಂಪ್ಯೂಟರ್

"ಸ್ವಿಚ್ಚು ಮುಟ್ಟಿದ್ದು ನಾನಲ್ಲ ಅಂತ ನೀವೊಂದು ಮಾತು ಹೇಳಿದ್ರೆ ಸಾಕು" ಎಂದಳು ಬೀಬಿ.

ಸಿದ್ಧಕಟ್ಟೆಯ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಅವಳು ಬಂಟ್ವಾಳದಿಂದ ಬಸ್ಸು ಹಿಡಿದು ಬಂದಿದ್ದಳು. ಅವಳನ್ನು ಕಂಡೊಡನೆ ನನಗೆ ತಲೆಬಿಸಿ ಶುರುವಾಯಿತು. ಅವರ ಮನೆಯ ಕಂಪ್ಯೂಟರನ್ನು ಅದಾಗಲೇ ಮೂರು ಸಲ ರಿಪೇರಿ ಮಾಡಿ ಸೋತಿದ್ದೆ. ಒಮ್ಮೆ ವಿಂಡೋಸ್ ಹೊಸದಾಗಿ ಹಾಕಿದೆ, ಇನ್ನೊಮ್ಮೆ ರ‍್ಯಾಮ್ ಬದಲಿಸಿದೆ, ಮತ್ತೊಮ್ಮೆ ಪವರ್ ಸಪ್ಲೈಯನ್ನೇ ತೆಗೆದು ಬೇರೆ ಕೂರಿಸಿದೆ. ನನ್ನ ಮೇಜಿನ ಮೇಲೆ ಅದು ದಿನವಿಡೀ ಸಲೀಸಾಗಿ ಓಡುತ್ತಿತ್ತು. ಅವರ ಮನೆಗೆ ಹೋದರೆ ಗುರುವಾರ ಸಂಜೆ ಇದ್ದಕ್ಕಿದ್ದಂತೆ ಆರಿಹೋಗುತ್ತಿತ್ತು.

ಗುರುವಾರ ಸಂಜೆಯೇ ಆ ಮನೆಗೆ ಮುಖ್ಯವಾದ ಹೊತ್ತು. ಬೀಬಿಯ ಗಂಡ ಉನೈಸ್ ಸೌದಿಯ ದಮಾಮಿನ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ದುಡಿಯುತ್ತಿದ್ದ. ಬೇರೆ ದಿನ ಅವನಿಗೆ ಎರಡು ಪಾಳಿ. ಗುರುವಾರ ಮಾತ್ರ ಸಿಗುವ ಸಣ್ಣ ಬಿಡುವಿನಲ್ಲಿ ಅವನು ವಿಡಿಯೋ ಕರೆ ಮಾಡುತ್ತಿದ್ದ. ತಾಯಿ ಮೈಮೂನಮ್ಮನಿಗೆ ಕಣ್ಣು ಮಂಜು, ಮೊಬೈಲಿನಲ್ಲಿ ಮಗನ ಮುಖ ಕಾಣುವುದಿಲ್ಲ. ಅದಕ್ಕಾಗಿ ದೊಡ್ಡ ಪರದೆಯ ಈ ಕಂಪ್ಯೂಟರ್. ಅದು ಆರಿದ ಮರುಕ್ಷಣ ಬೀಬಿಯ ಕೋಣೆಯಲ್ಲಿ ಮೊಬೈಲ್ ರಿಂಗಾಗುತ್ತಿತ್ತು, ಉಳಿದ ಬಿಡುವನ್ನು ಉನೈಸ್ ಹೆಂಡತಿಯ ಜತೆ ಕಳೆಯುತ್ತಿದ್ದ. ಪ್ಲಗ್ಗಿನ ಪಕ್ಕ ಕೂರುವವಳೂ ಬೀಬಿಯೇ. ಅತ್ತೆಗೆ ಅನುಮಾನ ಹುಟ್ಟಲು ಬೇರೆ ಏನು ಬೇಕು?

"ಬರುವ ಗುರುವಾರ ಮಾವ ಮೂಡುಬಿದಿರೆಯಿಂದ ಬರ್ತಾರೆ. ನನ್ನನ್ನು ಕೊಕ್ಕಡಕ್ಕೆ, ತವರಿಗೆ ಬಿಟ್ಟು ಬರ್ಲಿಕ್ಕೆ" ಎಂದಳು. ಮಾವ ಎಂದರೆ ಮೈಮೂನಮ್ಮನ ತಮ್ಮ ಶರೀಫ್. "ಒಮ್ಮೆ ಹೋದ್ರೆ ಪುನಃ ಕರೀತಾರಾ ಇಲ್ವಾ ಗೊತ್ತಿಲ್ಲ."

ಮೂಲೆಯ ಕುರ್ಚಿಯಿಂದ ಶಶಿಯಕ್ಕ ಕೇಳಿದರು, "ಬೇರೆ ದಿನ ಅದು ಸರಿ ಇರ್ತದಾ?"

"ಇರ್ತದೆ. ನಾನು ಕಸೂತಿ ಡಿಸೈನ್ ನೋಡ್ತಾ ಎಷ್ಟೋ ಹೊತ್ತು ಕೂರ್ತೇನೆ."

"ಆರಿದ ಕೂಡ್ಲೆ ಪುನಃ ಹೊತ್ತಿಸಿದ್ರೆ?"

"ಹೊತ್ತುವುದಿಲ್ಲ. ಸ್ವಲ್ಪ ಬಿಟ್ಟು ಹೊತ್ತುತ್ತದೆ."

ಶಶಿಯಕ್ಕ ಎಂದರೆ ಶಶಿಪ್ರಭಾ, ಬೆಳ್ತಂಗಡಿ ಠಾಣೆಯಲ್ಲಿ ಎಎಸ್‌ಐ ಆಗಿ ನಿವೃತ್ತರಾದವರು. ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಊರಿನವರ ಕಳವು, ಜಗಳ, ಕಾಣೆಯಾದ ದನ ಎಲ್ಲವೂ ಅವರ ಕಿವಿಗೆ ಬೀಳುವುದು ನನ್ನ ಅಂಗಡಿಯಲ್ಲೇ. ಅಂದೂ ಎಂದಿನಂತೆ ಅವರ ಮೊಬೈಲ್ ಹ್ಯಾಂಗ್ ಆಗಿತ್ತು. ದಿನ ಬಿಟ್ಟು ದಿನ ಆಗುತ್ತಿತ್ತು. ನಾನೊಮ್ಮೆ ಆರಿಸಿ ಹೊತ್ತಿಸಿದರೆ ಸರಿಹೋಗುತ್ತಿತ್ತು. ಹೊಸದು ತೆಗೆದುಕೊಳ್ಳಿ ಎಂದರೆ ಅವರು ಕೇಳುವವರಲ್ಲ.

"ನಿತೇಶ, ನಿನಗೆ ಆ ಕಂಪ್ಯೂಟರಿನ ಪೆಟ್ಟಿಗೆಯೊಳಗೆ ವಿಶೇಷ ಎಂತ ಕಾಣ್ಲಿಲ್ವಾ?" ಬೀಬಿ ಹೋದ ಮೇಲೆ ಕೇಳಿದರು.

"ಎಂತದೂ ಇಲ್ಲ. ಒಂದು ಪರಿಮಳ ಇತ್ತು. ಯಾರೋ ಅತ್ತರು ಚೆಲ್ಲಿರ್ಬೇಕು ಅಂದ್ಕೊಂಡೆ."

"ಪೆಟ್ಟಿಗೆಗೆ ಅತ್ತರು ಹಚ್ಚುವವರುಂಟಾ ಮಾರಾಯ? ನಾಳೆ ಹೋಗುವ."

ಮರುದಿನ ನನ್ನ ಬೈಕಿನಲ್ಲಿ ಬಂಟ್ವಾಳಕ್ಕೆ ಹೋದೆವು. ಮೈಮೂನಮ್ಮ ನಮ್ಮನ್ನು ಒಳಗೆ ಕರೆದು ಚಾ ಕೊಟ್ಟರು, ಸೊಸೆಯ ಕಡೆ ಮಾತ್ರ ಮುಖ ತಿರುಗಿಸಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೇ ಹೆಂಗಸರು, ಇಬ್ಬರಿಗೂ ಬೇಕಾದವನು ಒಬ್ಬನೇ, ಅವನು ಕಡಲಾಚೆ.

ಕಂಪ್ಯೂಟರಿನ ಪೆಟ್ಟಿಗೆ ಮೇಜಿನ ಕೆಳಗೆ ನೆಲದ ಮೇಲಿತ್ತು. ನಾನು ವೋಲ್ಟೇಜ್ ಅಳೆದೆ, ವೈರು ಎಳೆದು ನೋಡಿದೆ, ಎಲ್ಲವೂ ಸರಿ ಇತ್ತು. ಶಶಿಯಕ್ಕ ಮಂಡಿಯೂರಿ ಮೇಜಿನ ಅಡಿಗೆ ಟಾರ್ಚ್ ಬಿಟ್ಟರು. ಪೆಟ್ಟಿಗೆಯ ಮುಂದಿನ ಪ್ಲಾಸ್ಟಿಕ್ ಜಾಲರಿ ಕೆಳಭಾಗದಲ್ಲಿ ಹಳದಿಗಟ್ಟಿ ತುಸು ಸೊಟ್ಟಗಾಗಿತ್ತು. ಅದರೆದುರು ನೆಲದಲ್ಲಿ ಉಜ್ಜಿ ಉಜ್ಜಿ ಮಸುಕಾದ ಒಂದು ದುಂಡಗಿನ ಕಲೆ, ಮೇಜಿನ ಕಾಲಿನ ಹಿಂದೆ ಚಿಟಿಕೆಯಷ್ಟು ಬೂದಿ.

"ಇಲ್ಲಿ ಗುಡಿಸಿ ಒರೆಸುವುದು ಯಾರು?" ಎಂದು ಕೇಳಿದರು.

"ನಾನೇ" ಎಂದಳು ಬೀಬಿ.

ಶಶಿಯಕ್ಕ ಅವಳನ್ನೊಮ್ಮೆ ನೋಡಿ ಟಾರ್ಚ್ ಆರಿಸಿದರು. "ಗುರುವಾರ ನಾವೂ ಬರ್ತೇವೆ. ನೀವು ವಾರವಾರ ಎಂತ ಮಾಡ್ತೀರೋ ಅದನ್ನೇ ಮಾಡಿ" ಎಂದು ಮೈಮೂನಮ್ಮನಿಗೆ ಹೇಳಿ ಎದ್ದರು.

ಗುರುವಾರ ಮುಸ್ಸಂಜೆಯ ಮಗ್ರಿಬ್ ನಮಾಜು ಮುಗಿಯುವ ಹೊತ್ತಿಗೆ ಆ ಕೋಣೆಯಲ್ಲಿ ಎಲ್ಲರೂ ಸೇರಿದ್ದೆವು. ಶರೀಫ್ ಬಂದಿದ್ದರು. ಬಾಗಿಲ ಬಳಿ ಬೀಬಿಯ ಬಟ್ಟೆಯ ಬ್ಯಾಗು ಆಗಲೇ ತಯಾರಾಗಿ ಕೂತಿತ್ತು. ಪರದೆಯ ಮೇಲೆ ಉನೈಸನ ಮುಖ ಮೂಡಿತು. ಮೈಮೂನಮ್ಮ ಮುಖವನ್ನು ಪರದೆಗೆ ತಾಗುವಷ್ಟು ಹತ್ತಿರ ತಂದು, ಊಟ ಮಾಡಿದೆಯಾ, ಕೆಮ್ಮು ಹೋಯಿತಾ ಎಂದು ವಿಚಾರಿಸತೊಡಗಿದರು. ನಾನು ಬೀಬಿಯ ಕೈಗಳನ್ನೇ ನೋಡುತ್ತಿದ್ದೆ. ಅವು ಮಡಿಲಿನಿಂದ ಅಲುಗಲಿಲ್ಲ.

ಮಾತಿನ ನಡುವೆಯೇ ಪರದೆ ಕಪ್ಪಾಯಿತು. ಕೂಡಲೇ ಒಳಕೋಣೆಯಲ್ಲಿ ಮೊಬೈಲ್ ರಿಂಗಾಯಿತು.

"ನೋಡಿ, ಅಲ್ಲಿ ರಿಂಗಾಯ್ತು!" ಶರೀಫ್ ಎದ್ದು ನಿಂತರು. "ಇನ್ನೆಂತ ಸಾಕ್ಷಿ ಬೇಕು?"

"ಕೂತ್ಕೊಳ್ಳಿ ಶರೀಫಾಕ" ಎಂದರು ಶಶಿಯಕ್ಕ. ಆ ದನಿಗೆ ಬೆಳ್ತಂಗಡಿಯ ಕಳ್ಳರೂ ಕೂತಿದ್ದುಂಟು. "ಸ್ವಿಚ್ಚನ್ನು ಯಾರೂ ಮುಟ್ಟಲಿಲ್ಲ, ನಾವೆಲ್ಲ ನೋಡಿದ್ದೇವೆ. ನಿತೇಶ, ಪೆಟ್ಟಿಗೆಗೆ ಕೈ ಇಡು."

ಇಟ್ಟವನೇ ಎಳೆದುಕೊಂಡೆ. ಕಾವಲಿಯ ಹಾಗೆ ಸುಡುತ್ತಿತ್ತು.

ಶಶಿಯಕ್ಕ ಮೇಜಿನ ಕೆಳಗಿನಿಂದ ಬಟ್ಟೆ ಸುತ್ತಿ ಹಿಡಿದು ಒಂದು ಮಣ್ಣಿನ ಚಟ್ಟಿಯನ್ನು ಹೊರಗೆಳೆದರು. ಅದರಲ್ಲಿ ನಿಗಿನಿಗಿ ಕೆಂಡ, ಕೆಂಡದ ಮೇಲೆ ಲೋಬಾನ. ಪೆಟ್ಟಿಗೆಯೊಳಗೆ ನನಗೆ ಸಿಕ್ಕಿದ್ದು ಇದೇ ಪರಿಮಳ. ಕರೆ ಬರುವ ಮೊದಲು ಮೈಮೂನಮ್ಮ ಅದನ್ನು ತಂದಿಡುವುದನ್ನು ನಾನೂ ನೋಡಿದ್ದೆ, ಸಂಜೆಯ ಧೂಪವಲ್ಲವೇ ಎಂದು ಸುಮ್ಮನಿದ್ದೆ.

"ಬೇರೆ ದಿನ ಕೆಡುವುದಿಲ್ಲ, ಅಂಗಡಿಯಲ್ಲಿ ಕೆಡುವುದಿಲ್ಲ. ಹಾಗಾದ್ರೆ ತಪ್ಪು ಯಂತ್ರದ್ದಲ್ಲ. ಗುರುವಾರ ಸಂಜೆ ಮಾತ್ರ ಇಲ್ಲಿಗೆ ಬರುವ ವಸ್ತು ಯಾವುದು ಅಂತ ಹುಡುಕಿದೆ. ಜಾಲರಿ ಸೊಟ್ಟಗಾಗಿದೆ, ಅಂದ್ರೆ ಬಿಸಿ. ಬೂದಿ, ಅಂದ್ರೆ ಕೆಂಡ. ದುಂಡಗಿನ ಕಲೆ ಚಟ್ಟಿಯ ಬುಡದ್ದು. ನಂತರ ಇದು ಬೇರೆ ಕೋಣೆಗೆ ಹೋಗ್ತದೆ, ರಿಪೇರಿಯವನಿಗೆ ಕಾಣುವುದಿಲ್ಲ. ಆರಿದ ಮೇಲೆ ಕೂಡ್ಲೆ ಯಾಕೆ ಹೊತ್ತುವುದಿಲ್ಲ, ನಿತೇಶ?"

"ಒಳಗಿನ ಫ್ಯಾನು ಮುಂದಿನ ಜಾಲರಿಯಿಂದ ಗಾಳಿ ಎಳೀತದೆ" ಎಂದೆ. ನಾಚಿಕೆಯಿಂದ ನೆಲ ನೋಡುತ್ತಿದ್ದೆ. "ಅದು ಕೆಂಡದ ಗಾಳಿಯನ್ನೇ ಎಳೆದಿದೆ. ಬಿಸಿ ಮಿತಿ ಮೀರಿದ್ರೆ ಸುಟ್ಟುಹೋಗದ ಹಾಗೆ ಯಂತ್ರ ತಾನೇ ಆರ್ತದೆ. ತಣಿಯದೆ ಹೊತ್ತುವುದಿಲ್ಲ."

ಮೈಮೂನಮ್ಮ ಚಟ್ಟಿಯನ್ನೇ ನೋಡುತ್ತಿದ್ದರು. "ಗುರುವಾರ ಹೊತ್ತು ಮುಳುಗಿದ್ರೆ ನಮಗೆ ಶುಕ್ರವಾರದ ರಾತ್ರಿ. ಆಗ ಮನೆಯವರಿಗೆಲ್ಲ ಹೊಗೆ ತಾಗ್ಬೇಕು" ಎಂದರು ಮೆಲ್ಲಗೆ. "ಸಣ್ಣದಿರುವಾಗ ಅವನು ಚಟ್ಟಿಯ ಹತ್ರವೇ ಕೂತ್ಕೊಳ್ತಿದ್ದ. ಈಗ ಅವನು ಮನೆಗೆ ಬರುವುದು ಇದರಲ್ಲಿ ಮಾತ್ರ ಅಲ್ವಾ? ಅದಕ್ಕೆ ಇದರ ಬುಡದಲ್ಲಿ ಇಟ್ಟೆ."

ಆಮೇಲೆ ಅವರು ತಡವರಿಸುತ್ತ ಹೋಗಿ ಬೀಬಿಯ ಕೈ ಹಿಡಿದರು. "ಕಣ್ಣು ಮಾತ್ರ ಅಲ್ಲ ಮೋಳೆ, ಮಗಳೇ, ನನ್ನ ಬುದ್ಧಿಗೂ ಮಂಜು ಬಂದಿತ್ತು." ಬೀಬಿ ಬಿಕ್ಕಿ ಬಿಕ್ಕಿ ಅತ್ತಳು. ಶರೀಫ್ ಬಾಗಿಲ ಬಳಿಯ ಬ್ಯಾಗನ್ನು ತಾವೇ ಎತ್ತಿ ಒಳಗಿಟ್ಟರು.

ಯಂತ್ರ ತಣಿದು ಉನೈಸ್ ಮತ್ತೆ ಕಾಣಿಸಿಕೊಂಡಾಗ ಶಶಿಯಕ್ಕ ವಿಚಿತ್ರವಾದ ಒಂದು ಅಪ್ಪಣೆ ಮಾಡಿದರು. "ಮೈಮೂನಮ್ಮ, ಮಗನನ್ನು ನೋಡಿದಿರಲ್ಲ, ಇನ್ನು ಚಟ್ಟಿ ಹಿಡ್ಕೊಂಡು ಎಲ್ಲ ಕೋಣೆಗೂ ಹೊಗೆ ತೋರಿಸಿ ಬನ್ನಿ. ಅವಸರ ಬೇಡ. ಶರೀಫಾಕ ನಿಮ್ಮ ಜತೆ ಬರ್ತಾರೆ. ಅಷ್ಟು ಹೊತ್ತು ಇಲ್ಲಿ ಬೀಬಿ ಕೂರ್ಲಿ. ಪ್ರತಿ ಗುರುವಾರ ಹೀಗೇ ಮಾಡ್ಬೇಕು." ನನ್ನನ್ನೂ ಹೊರಗೆಳೆದು ಬಾಗಿಲು ಮುಂದೆ ಮಾಡಿದರು.

ಹಿಂದಿರುಗುವ ದಾರಿಯಲ್ಲಿ ಚಾ ಕುಡಿಯಲು ನಿಂತಾಗ ಕೇಳಿದೆ, "ಚಟ್ಟಿ ದೂರ ಇಟ್ರೆ ಸಾಕಿತ್ತು. ಅವಳನ್ನು ಯಾಕೆ ಕೂರಿಸಿದ್ದು?"

"ಅವಳು ನಿನ್ನ ಅಂಗಡಿಗೆ ಬಂದ್ಲು. ಕಂಪ್ಯೂಟರ್ ಸರಿಮಾಡಿ ಕೊಡಿ ಅಂತ ಒಮ್ಮೆಯಾದ್ರೂ ಕೇಳಿದ್ಲಾ?"

ನೆನಪಿಸಿಕೊಂಡೆ. ಕೇಳಿರಲಿಲ್ಲ.

"ಆ ಬೂದಿ ಗುಡಿಸುವವಳು ಅವಳು, ಕಲೆ ಉಜ್ಜುವವಳು ಅವಳು. ಅವಳಿಗೆ ಮೊದಲೇ ಗೊತ್ತಿತ್ತು ನಿತೇಶ. ಯಂತ್ರ ಆರಿದ್ರೆ ಮಾತ್ರ ಅವಳಿಗೆ ಗಂಡನ ದನಿ. ಇಲ್ಲದಿದ್ರೆ ಬಿಡುವೆಲ್ಲ ತಾಯಿಗೇ ಹೋಗ್ತದೆ."

"ಮನೆ ಬಿಡಿಸ್ತಾರೆ ಅಂತ ಗೊತ್ತಿದ್ದೂ ಬಾಯಿ ಬಿಡ್ಲಿಲ್ವಾ?"

"ವಾರವಿಡೀ ಮಾತಾಡ್ಲಿಕ್ಕೆ ಒಬ್ರೂ ಇಲ್ಲದಿದ್ರೆ ನಿನಗೆ ಗೊತ್ತಾಗ್ತಿತ್ತು" ಎಂದು ಅವರು ಗ್ಲಾಸು ಕೆಳಗಿಟ್ಟರು. "ಅದನ್ನು ಆ ಕೋಣೆಯಲ್ಲಿ ಹೇಳುವ ಅಗತ್ಯ ಇರ್ಲಿಲ್ಲ. ನೀನೂ ಹೇಳ್ಬೇಡ."

ಮರುದಿನ ಬೆಳಿಗ್ಗೆ ನಾನು ಶಟರ್ ಎತ್ತುವಾಗ ಶಶಿಯಕ್ಕ ಮೆಟ್ಟಿಲಿಳಿದು ಬಂದರು.

"ಪುನಃ ಹ್ಯಾಂಗ್ ಆಗಿದೆ ಮಾರಾಯ."

ಮೊಬೈಲನ್ನು ಕೈಗೆ ತೆಗೆದುಕೊಂಡೆ. ಒತ್ತಿದ್ದೆಲ್ಲ ಒತ್ತಿದ ಕೂಡಲೇ ತೆರೆದುಕೊಂಡಿತು. ಕರೆಗಳ ಪಟ್ಟಿಯಲ್ಲಿ ನನ್ನ ಹೆಸರು ಬಿಟ್ಟರೆ ಮೊಬೈಲ್ ಕಂಪೆನಿಯ ಕರೆಗಳಷ್ಟೇ ಇದ್ದವು. ಅದಕ್ಕೆ ಯಾವತ್ತೂ ಏನೂ ಆಗಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

"ಇದಕ್ಕೆ ತುಂಬ ಹೊತ್ತು ಹಿಡಿಯುವ ಹಾಗೆ ಉಂಟು ಶಶಿಯಕ್ಕ" ಎಂದೆ. "ಕೂತ್ಕೊಳ್ಳಿ, ಚಾ ತರಿಸ್ತೇನೆ."

ಮೂಲೆಯ ಕುರ್ಚಿಯನ್ನು ಎಳೆದು ನನ್ನ ಮೇಜಿನ ಪಕ್ಕಕ್ಕೆ ಹಾಕಿದೆ.