ಇದ್ದಿಲು ಗೀಟಿನ ಮೊಟ್ಟೆ

"ಕೋಳೀನೂ ನಿಮ್ದೇ ಅಂದ್ಕೊಳ್ಳಿ. ಆದ್ರೆ ಬುಟ್ಟೀಲಿರೋ ಆ ಒಂದು ಮೊಟ್ಟೆ ಮಾತ್ರ ಮುಟ್ಬೇಡಿ ಸ್ವಾಮಿ" ಎಂದು ಗುಂಡಯ್ಯ ಬೀಗದ ಕೈ ಕೊಡುತ್ತಾ ಹೇಳಿದಾಗ ಅಂಜನ್‌ಕುಮಾರನಿಗೆ ನಗು ತಡೆಯಲಾಗಲಿಲ್ಲ. ಗುಂಡಯ್ಯ ಕೋರ ಹಳ್ಳಿಯ ತನ್ನ ಮನೆಯನ್ನು ಅವನಿಗೆ ಬಾಡಿಗೆಗೆ ಬಿಟ್ಟು ಗುಬ್ಬಿಯಲ್ಲಿದ್ದ ಮಗಳ ಮನೆಗೆ ಹೊರಟಿದ್ದ. ಹಿತ್ತಿಲಿನ ಗೂಡಿನಲ್ಲಿ ಆರು ನಾಟಿ ಕೋಳಿ, ಒಂದು ಬಿದಿರು ಬುಟ್ಟಿ, ಬುಟ್ಟಿಯ ಹುಲ್ಲಿನಲ್ಲಿ ಇದ್ದಿಲಿನಿಂದ ಅಡ್ಡ-ಉದ್ದ ಗೀಟೆಳೆದ ಒಂದು ಮೊಟ್ಟೆ.

"ಒಂದು ಮೊಟ್ಟೆ ಬಿಟ್ರೆ ಕೋಳಿ ಅಲ್ಲೇ ಬಂದು ಇಡುತ್ತೆ, ಅಷ್ಟೇ ತಾನೇ? ಎಲ್ಲಾರೂ ಬಿಡ್ತಾರೆ. ಅದಕ್ಕೆ ಇಷ್ಟು ಬಿಲ್ಡಪ್ ಯಾಕೆ ಯಜಮಾನ್ರೇ?"

ಗುಂಡಯ್ಯ ನಗಲಿಲ್ಲ. "ಎಲ್ಲಾರೂ ಬುಡೋದು ಬೇರೆ, ಇದು ಬೇರೆ. ಕೇಳ್ಬೇಡಿ" ಎಂದವನು ತಿರುಗಿ ನೋಡದೆ ಬಸ್ಸಿಗೆ ನಡೆದ.

ಅಂಜನ್ ಪೇಟೆಯ ಶಿರಾ ಗೇಟ್‌ನಲ್ಲಿ ಹುಟ್ಟಿ ಬೆಳೆದವನು, ಅಂತರಸನಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ಮುಂದೆ ನಿಲ್ಲುವವನು. ಅಳತೆಗೆ ಸಿಕ್ಕಿದ್ದು ಮಾತ್ರ ನಿಜ ಎನ್ನುವ ಪೈಕಿ. ಹಳ್ಳಿಯಲ್ಲಿ ಮನೆ ಹಿಡಿದದ್ದು ಹೆಂಡತಿ ಪೂಜಾಳ ವಿಶ್ರಾಂತಿಗಾಗಿ. ಎರಡು ಬಸಿರು ನಿಲ್ಲದೆ ಹೋಗಿ, ಮೂರನೆಯದಕ್ಕೆ ಈಗ ಎಂಟು ತಿಂಗಳು. ಈ ಮಗುವೊಂದು ಉಳಿದರೆ ಸಾಕೆಂದು, ತಾನು ನಂಬದ ದೇವರನ್ನೂ ಒಳಗೊಳಗೇ ಬೇಡಿಕೊಂಡಿದ್ದ. ಅಂಥ ಮನೆಯಲ್ಲಿ ಕೊಳೆತ ಮೊಟ್ಟೆ ಯಾಕೆ? ಮೂಗು ಮುಚ್ಚಿಕೊಂಡು ಎತ್ತಿದ. ಅದು ನಾರುತ್ತಿರಲಿಲ್ಲ. ಬೆಚ್ಚಗಿತ್ತು. ತಿಪ್ಪೆಗೆ ಎಸೆದು, ಆ ಜಾಗಕ್ಕೆ ಬಿಳಿ ಪ್ಲಾಸ್ಟಿಕ್ ಬಾಲೊಂದನ್ನು ಇಟ್ಟ. ಕೋಳಿಗೇನು ಗೊತ್ತಾಗುತ್ತೆ, ಮಣ್ಣು!

ಮಾರನೆಯ ದಿನದಿಂದ ಒಂದು ಕೋಳಿಯೂ ಮೊಟ್ಟೆ ಇಡಲಿಲ್ಲ.

"ಚಳಿಗಾಲ, ಹಗಲು ಕಮ್ಮಿ, ಬೆಳಕು ಸಾಲಲ್ಲ" ಎಂದರು ಪಶು ಆಸ್ಪತ್ರೆಯ ಡಾಕ್ಟರು. ಗೂಡಿಗೆ ಬಲ್ಬ್ ಕಟ್ಟಿದ. ಸುಣ್ಣದಂಶಕ್ಕೆಂದು ಚಿಪ್ಪಿನ ಪುಡಿ ಹಾಕಿದ, ಜಂತಿನ ಔಷಧಿ ಕುಡಿಸಿದ, ಹೇನಿಗೆ ಒಲೆಬೂದಿ ಹರಡಿದ. ಬೇಲಿ ಸಂದಿಯಲ್ಲಿ ಕದ್ದು ಇಡುತ್ತಿವೆಯೋ ಎಂದು ಮೊಣಕಾಲೂರಿ ತಡಕಿದ. ಪುಕ್ಕ ಉದುರಿರಲಿಲ್ಲ, ಜುಟ್ಟು ಕೆಂಪಗೇ ಇತ್ತು. ಒಂದೊಂದೇ ಕೋಳಿ ಬುಟ್ಟಿಯಲ್ಲಿ ಕೂತು ತಿಣುಕುತ್ತಿತ್ತು, ಸುಮ್ಮನೆ ಎದ್ದು ಹೋಗುತ್ತಿತ್ತು. ಎದ್ದ ಮರುಗಳಿಗೆ ಮುಟ್ಟಿದರೂ ಬಾಲ್ ತಣ್ಣಗೇ ಇರುತ್ತಿತ್ತು. ಗೂಡಿನಲ್ಲಿ ಸುಟ್ಟ ಪುಕ್ಕದ ವಾಸನೆ.

ಅವನ ಕಣ್ಣು ಪಕ್ಕದ ಮನೆಯ ಹನುಮಮ್ಮನ ಮೇಲೆ ಬಿತ್ತು. ಮುದುಕಿ ದಿನಾ ಬೇಲಿಯಾಚೆ ನಿಂತು ಪೂಜಾಳ ಹೊಟ್ಟೆಯನ್ನೇ ನೋಡುತ್ತಿದ್ದಳು. "ಮೊಟ್ಟೆ ಕಳ್ರು ಜಾಸ್ತಿ ಆಗಿದಾರೆ ಇಲ್ಲಿ!" ಎಂದು ಅವನು ಒಮ್ಮೆ ಕೇಳುವಂತೆ ಕೂಗಿದ್ದಕ್ಕೆ, ಸೆರಗು ಎಳೆದುಕೊಂಡು ಒಳಗೆ ಹೋದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಅವಳೊಂದಿಗೆ ಮಾತೇ ಬೇಡವೆಂದು ಪೂಜಾಳಿಗೆ ತಾಕೀತು ಮಾಡಿ, ಎರಡು ಹಿತ್ತಿಲ ನಡುವಿನ ಗೇಟಿಗೆ ತಂತಿ ಬಿಗಿದ. ಅಲ್ಲೇ ಅವನು ಕೆಟ್ಟದ್ದು.

ಹದಿನೈದನೆಯ ದಿನ ಮಧ್ಯಾಹ್ನ ಶಿಫ್ಟ್ ಮುಗಿಸಿ ಬರುವಾಗ ಹನುಮಮ್ಮ ಅವನ ಬೈಕಿಗೆ ಅಡ್ಡ ನಿಂತಳು.

"ನಿಲ್ಸಪ್ಪಾ. ಆ ಗೀಟಿನ ಮೊಟ್ಟೆ ಎಲ್ಲಿ?"

"ತಿಪ್ಪೇಲಿ. ಯಾಕೆ, ಅದೂ ಬೇಕಿತ್ತಾ ನಿಂಗೆ?"

ಮುದುಕಿಯ ಮುಖ ಬಿಳಿಚಿಕೊಂಡಿತು. "ಅಯ್ಯೋ ನನ್ನಪ್ಪಾ! ಗುಂಡಯ್ಯನ ಸೊಸೆ ಬಸಿರಿದ್ದಾಗ ಆಗದೋರು ಮಾಟ ಮಾಡ್ಸಿದ್ರು ಕಣೋ. ಈ ಮನೇಲಿ ಹುಟ್ಟೋ ಜೀವ ತಿನ್ನು ಅಂತ. ತಿಂತು. ಆಮೇಲೆ ಕುಣಿಗಲ್ ಕಡೆಯೋನೊಬ್ಬ ಅದನ್ನ ಮೊಟ್ಟೇಲಿ ಕಟ್ಟಾಕಿ ಕೋಳಿ ಕೆಳಗಿಡ್ಸಿದ. ಕಾವು ಸಿಕ್ರೆ ಮಲಗಿರ್ತದೆ."

"ಸಿಗ್ದಿದ್ರೆ?"

"ಮೊದ್ಲು ಕೋಳಿ ಹೊಟ್ಟೇದು ತಿಂತದೆ. ಸಾಲ್ದೇ ಹೋದ್ರೆ ಇನ್ನೊಂದು ಬೆಚ್ಚಗಿರೋ ಹೊಟ್ಟೆ ಹುಡುಕ್ತದೆ. ಹೇಳಾನ ಅಂತ ದಿನಾ ಬಂದೆ. ನೀನು ಕಳ್ಳಿ ಅಂದ್ಬುಟ್ಟೆ."

ಅವನಿಗೆ ನಗಬೇಕೆನಿಸಿತು. ಆದರೂ ಬೈಕನ್ನು ಅಲ್ಲೇ ಬಿಟ್ಟು ಓಡಿದ.

ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಬಾಗಿಲು ತಳ್ಳಿದರೆ ಒಳಗೆ ಹಗಲಲ್ಲೇ ಕತ್ತಲು. ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಹುಲ್ಲಿನ ವಾಸನೆ, ಹಿಕ್ಕೆಯ ವಾಸನೆ. ತನ್ನ ನಡುಮನೆ ಕೋಳಿಗೂಡಿನ ಹಾಗೆ ನಾರುತ್ತಿತ್ತು.

"ಪೂಜಾ?"

ಮೂಲೆಯಲ್ಲಿ ಏನೋ ಅಲುಗಿತು. ನೆಲದ ಮೇಲೆ ಒಣಹುಲ್ಲು. ಹುಲ್ಲಿನ ಮೇಲೆ ಕಂಬಳಿಗಳು. ನಡುವೆ ಕುಕ್ಕರುಗಾಲಿನಲ್ಲಿ ಪೂಜಾ.

"ಶ್! ಬಾಗ್ಲು ಹಾಕಿ ರೀ. ಕಾವು ಆರುತ್ತೆ."

"ಏನ್ ಮಾಡ್ತಿದೀಯೇ?"

"ಮೊನ್ನೆ ನೋಡ್ದೆ, ತಿಪ್ಪೇಲಿ ಒಂದೇ ಬಿದ್ದಿತ್ತು, ಪಾಪ. ತಂದು ಬೆಚ್ಚಗಿಟ್ಕೊಂಡೆ."

ಸೀರೆಯ ಮಡಿಕೆಯಿಂದ ಅವಳು ಮೊಟ್ಟೆ ತೆಗೆದಳು. ಅದೇ ಗೀಟು. ಕಿತ್ತುಕೊಂಡ. ಹಗುರವಾಗಿತ್ತು. ತಿರುಗಿಸಿದ. ಹಿಂಬದಿಯಲ್ಲಿ ತೂತು. ಒಳಗೆ ಏನೂ ಇಲ್ಲ.

"ಯಾವಾಗ ಒಡೀತು ಇದು?"

"ನೆನ್ನೆ."

"ಮಗು... ಮಗು ಒದೀತಿದೆ ತಾನೇ?"

"ನೆನ್ನೆಯಿಂದ ಒದೀತಿಲ್ಲ" ಎಂದು ಪೂಜಾ ನಕ್ಕಳು. "ಇಲ್ನೋಡಿ." ಅವನ ಕೈ ಹಿಡಿದು ಹೊಟ್ಟೆಯ ಮೇಲೆ ಒತ್ತಿಕೊಂಡಳು.

ಹೊಟ್ಟೆ ಗಟ್ಟಿಯಾಗಿತ್ತು. ನುಣ್ಣಗಿತ್ತು. ಉಸಿರು ಬಿಗಿಹಿಡಿದು ಕಾದ. ಏನೂ ಇಲ್ಲ. ಏನೂ ಇಲ್ಲ. ಆಮೇಲೆ ಅಂಗೈಗೆ ತಗುಲಿತು. ಮಗುವಿನ ಒದೆತ ಅವನಿಗೆ ಗೊತ್ತು. ಇದು ಒದೆತವಲ್ಲ. ಚೂಪಾಗಿತ್ತು. ಒಂದೇ ಜಾಗದಲ್ಲಿ, ಒಳಗಿನಿಂದ, ಬಿಡದೆ ಕುಟುಕುತ್ತಿತ್ತು. ಟಕ್. ಟಕ್. ಟಕ್.

ಹಿತ್ತಿಲಿನಲ್ಲಿ, ಹದಿನೈದು ದಿನಗಳ ಮೇಲೆ, ಕೋಳಿಯೊಂದು ಮೊಟ್ಟೆಯಿಟ್ಟು ಕೂಗಿತು. ಬೆನ್ನಿಗೇ ಇನ್ನೊಂದು. ಆಮೇಲೆ ಆರೂ ಕೂಗತೊಡಗಿದವು.